ಬೀಗಿತ್ತಿಯ ಕಿವಿಯೊಳಗಿನ ಗಿರಣಿ

ನನ್ನ ಬೀಗಿತ್ತಿಯ ಎಡಗಿವಿಯ ಹಾಲೆ ಓಲೆಯ ಭಾರಕ್ಕೆ ಹರಿದು ಸೀಳಾಗಿತ್ತು. ಹೊಲಿಸಿಕೊಳ್ಳಿ ಎಂದರೆ, "ಒಳಗ ಗಿರಣಿ ನಡದೈತಿ, ಮೊದಲ ಅದನ್ನ ನಿಲ್ಲಸ್ರಿ ಬೀಗತೇರ" ಎನ್ನುತ್ತಿದ್ದರು.

ಗದಗಿನ ಕಡೆಯವರು. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿ ಮಗನನ್ನು ಓದಿಸಿದರು. ಗಿರಣಿಯ ಸದ್ದು ಮೀರಿ ಕೂಗಿ ಕೂಗಿ ದನಿ ದೊಡ್ಡದಾಗಿತ್ತು. ಗಿರಣಿ ಮಾರಿದರೂ ಅದರ ಗುಂಯ್‌ಗುಡುವಿಕೆ ಕಿವಿಯಲ್ಲೇ ಉಳಿಯಿತು. ಆ ಮಗನೇ ನನ್ನ ಅಳಿಯ. ಪರದೇಶದ ಆಶ್‌ಬರ್ನ್ ಊರಿನ ಅವನ ಮನೆಯಲ್ಲಿ ನಮ್ಮಿಬ್ಬರು ಮುದುಕಿಯರಿಗೂ ಒಂದೇ ಕೋಣೆ. ಅವರ ಮಾತು ನನಗೂ ಮೊದಮೊದಲು ತಲೆನೋವೇ. ಸುಳ್ಳು ಯಾಕೆ ಹೇಳಲಿ.

ಕಿವಿ ಡಾಕ್ಟರು ಒಂದು ಮಷಿನ್ ಕೊಟ್ಟರು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಮಳೆ ಸುರಿದಂಥ ಸದ್ದು. ನಾಲಿಗೆಯ ಮೇಲೊಂದು ಪ್ಲಾಸ್ಟಿಕ್ ತುಂಡು, ಅದರಲ್ಲಿ ಸಣ್ಣ ಕರೆಂಟು. "ನಾಲಿಗಿ ಮ್ಯಾಲ ಇರಿವಿ ಹರದಂಗಾಗತೈತಿ" ಎಂದು ನಕ್ಕರು. ಪೂರ್ತಿ ಹೋಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ. ಆದರೂ ಕೆಲವು ವಾರಗಳಲ್ಲಿ ಸದ್ದು ತಗ್ಗಿತು. ಊಟವಾದ ಮೇಲೆ ಅವರು ಕಣ್ಣು ಮುಚ್ಚಿ ಮಲಗಿದ್ದನ್ನು ಆಗಲೇ ನಾನು ಕಂಡಿದ್ದು.

ತುಂಡು ಬಾಯಲ್ಲಿರುವಾಗ ಮಾತಾಡುವ ಹಾಗಿಲ್ಲ. ಮನೆಯವರಿಗೆ ಅದೇ ರುಚಿಸಿತು. ಅಳಿಯನಿಗೆ ಮನೆಯಿಂದಲೇ ಆಫೀಸು, ಕಾಲ್ ಶುರುವಾದರೆ, "ಅವ್ವಾ, ಮಷಿನ್ ಹಾಕ್ಕೊ." ನನ್ನ ಮಗಳೇನು ಕಮ್ಮಿಯೇ? ಫೋನ್ ಹಿಡಿದರೆ, "ಅತ್ತೇ, ಮಷಿನ್." ಆಗ ತಾನೇ ತೆಗೆದಿಟ್ಟಿದ್ದರೂ ಸರಿಯೇ.

ಗಣೇಶನ ಹಬ್ಬಕ್ಕೆ ಅಳಿಯನ ಆಫೀಸಿನವರು ಊಟಕ್ಕೆ ಬಂದರು. ಬೀಗಿತ್ತಿ ಗಿರಣಿಯ ಕಥೆ ತೆಗೆದರು. ಅಳಿಯ ಮೆಲ್ಲಗೆ ಮಷಿನ್ನಿನ ಪೆಟ್ಟಿಗೆ ತಂದು ಅವರ ಮಡಿಲಲ್ಲಿಟ್ಟ. ಅವರು ಪೆಟ್ಟಿಗೆ ನೋಡಿದರು, ಮಗನ ಮುಖ ನೋಡಿದರು.

"ಬ್ಯಾನಿ ನನ್ನ ಕಿವೀದು. ಆರಾಮ ನಿನ್ನ ಕಿವಿಗೇನಪಾ?"

ಆಮೇಲೆ ಅದನ್ನು ಮುಟ್ಟಲಿಲ್ಲ. ಸದ್ದು ತಿರುಗಿ ಬಂತು, ನಿದ್ದೆ ಹೋಯಿತು.

"ಮಗನ ಮೇಲಿನ ಸಿಟ್ಟಿಗೆ ನಿಮ್ಮ ಕಿವಿ ಯಾಕೆ ಸುಟ್ಕೋತೀರಿ? ಹಾಕ್ಕೊಳ್ರೀ" ಎಂದು ಬೇಡಿಕೊಂಡೆ.

"ಗಿರಣಿ ಸದ್ದಿನಾಗ ಬದುಕೀನ್ರಿ ಬೀಗತೇರ. ಬಾಯಿ ಮುಚ್ಚಿಸ್ಕೊಂಡು ಬದುಕಿಲ್ಲ."

ಆ ಚಳಿಗಾಲದಲ್ಲಿ ಬೀಗಿತ್ತಿ ಎದೆಬಡಿತ ನಿಂತು ತೀರಿಹೋದರು. ಕರ್ಮವೆಲ್ಲ ಮುಗಿದ ಮೇಲೆ ಅಳಿಯ ಸೋಫಾದಲ್ಲಿ ಕೂತು ಅತ್ತ. "ಮನಿ ಬಿಕೋ ಅಂತೈತ್ರಿ ಅತ್ತಿ. ಅವ್ವನ ಧ್ವನಿ ಇಲ್ಲ."

ಒಳಗೆ ಹೋಗಿ ಆ ಪೆಟ್ಟಿಗೆ ತಂದು ಅವನ ಮಡಿಲಲ್ಲಿಟ್ಟೆ.

"ಮಳೆ ಸದ್ದು ಬರುತ್ತೆ ಅಳಿಯಂದ್ರೇ. ಕೇಳ್ಕೊಂಡು ಕೂತಿರಿ."