ಕ್ಯಾಚರ್‌ನ ಎಡಗಣ್ಣು

2005ರಲ್ಲಿ ನಾನು ಡಲ್ಲಾಸ್‌ನ ಕ್ಲಿನಿಕ್ ಒಂದರಲ್ಲಿ ಕಣ್ಣಿನ ವೈದ್ಯನಾಗಿದ್ದೆ. ಸುಳ್ಳು ಹೇಳುವ ರೋಗಿಯನ್ನು ಹಿಡಿಯುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲವೆಂಬ ಕೊಬ್ಬು ಆಗ ನನಗಿತ್ತು. ಆತ್ಮವಿಶ್ವಾಸ ಅಂತೆಲ್ಲ ನಯವಾಗಿ ಹೇಳಿ ಪ್ರಯೋಜನವಿಲ್ಲ, ಕೊಬ್ಬೇ.

ಆ ಬೇಸಿಗೆಯಲ್ಲಿ ವೇಯ್ನ್ ಎಂಬಾತ ಹೆಂಡತಿ ಡಾನಾಳೊಂದಿಗೆ ಜಾರ್ಜ್‌ಟೌನ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಬೇಸ್‌ಬಾಲ್ ತಂಡವೊಂದರ ಕ್ಯಾಚರ್. ನಮ್ಮ ವಿಕೆಟ್ ಕೀಪರ್‌ನಂತೆ ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವನು. ಬೇರೆ ಕಸುಬು ಗೊತ್ತಿರಲಿಲ್ಲ. ಮೀಸಲು ಸೈನಿಕನಾಗಿದ್ದರಿಂದ ಇರಾಕ್ ಯುದ್ಧಕ್ಕೆ ಕರೆ ಬಂದು ಹೋಗಿದ್ದ. ಅಲ್ಲಿ ಬಾಂಬ್ ಸಿಡಿದು ಗಾಯಗೊಂಡು ಮರಳಿದ್ದ. ಎರಡೂ ಕಣ್ಣು ಸರಿಯಿವೆ ಎಂದು ನಾನು ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ತಂಡ ಅವನನ್ನು ಮತ್ತೆ ಸೇರಿಸಿಕೊಳ್ಳುತ್ತಿತ್ತು.

“ಸದ್ಯ, ಕಣ್ಣಿಗೇನೂ ಆಗಲಿಲ್ಲ,” ಎಂದಳು ಡಾನಾ. ಹಾಗೆಂದು ಅವಳಿಗೆ ಹೇಳಿದ್ದವನು ವೇಯ್ನ್.

ನಮ್ಮ ಟೆಕ್ನಿಷಿಯನ್ ಸಾವಿತ್ರಿ ಧಾರವಾಡದವರು. ಆ ದಂಪತಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು: “ಡಾಕ್ಟ್ರೇ, ಒಳಗ ಬರೂವಾಗ ಎಡಗಡೆ ಭುಜ ಬಾಗಿಲಕ್ಕ ಬಡಕೊಂಡ್ರು. ಎಡಗಣ್ಣು ಸರಿ ಇದ್ದಂಗಿಲ್ರಿ.”

“ನೋಡ್ತಾ ಇರಿ, ಹೇಗೆ ಹಿಡೀತೀನಿ,” ಎಂದೆ.

ಮೊದಲು ಬಲಗಣ್ಣಿನ ಸರದಿ. ಪರದೆಯ ಮೇಲಿನ ಐದು ಸಾಲು ಅಕ್ಷರಗಳನ್ನು ನಿಧಾನವಾಗಿ ಓದಿದ. ತುಟಿಯೊಳಗೇ ಇನ್ನೊಮ್ಮೆ ಹೇಳಿಕೊಂಡ. ಎದುರು ತಂಡದ ಪ್ರತಿಯೊಬ್ಬ ಬ್ಯಾಟರ್‌ನ ದೌರ್ಬಲ್ಯವನ್ನೂ ತಲೆಯಲ್ಲಿಟ್ಟುಕೊಳ್ಳುವುದು ಕ್ಯಾಚರ್‌ನ ಕೆಲಸ. ಐದು ಸಾಲು ಅವನಿಗೆ ಯಾವ ಮಹಾ! ಬಲಗಣ್ಣು ಮುಚ್ಚಿಕೊಳ್ಳಲು ಹೇಳಿ, ಸದ್ದಿಲ್ಲದೆ ಗುಂಡಿಯೊತ್ತಿ ಚಾರ್ಟ್ ಬದಲಿಸಿದೆ.

ವೇಯ್ನ್ ಹಳೆಯ ಚಾರ್ಟನ್ನೇ ಒಪ್ಪಿಸತೊಡಗಿದ. ಗಟ್ಟಿ ದನಿ, ಒಂದು ತಡವರಿಕೆಯಿಲ್ಲ. ಮೊದಲ ಸಾಲಿಗೇ ನನ್ನ ಕೆಲಸ ಮುಗಿದಿತ್ತು. ಆದರೂ “ನೆಕ್ಸ್ಟ್ ಲೈನ್,” ಎಂದೆ. ಪಕ್ಕದ ಕುರ್ಚಿಯಲ್ಲಿದ್ದ ಡಾನಾ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಮೂರನೆಯ ಸಾಲಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಅದು ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. “ವೆರಿ ಗುಡ್, ನೆಕ್ಸ್ಟ್,” ಎಂದೆ. ಛೆ! ಆ “ವೆರಿ ಗುಡ್” ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಐದೂ ಸಾಲು ಹೇಳಿಸಿದೆ.

ಮುಗಿಸಿ ಕೈ ತೆಗೆದವನು ಗೆದ್ದವನಂತೆ ನಗುತ್ತಾ ಹೆಂಡತಿಯ ಕಡೆ ತಿರುಗಿದ. ಅವಳು ಅಳುತ್ತಿದ್ದಳು. ಆಮೇಲೆ ಪರದೆ ನೋಡಿದ.

“ಯಾವ ಸಾಲಿಗೆ ಗೊತ್ತಾಯಿತು, ಡಾಕ್ಟರ್?”

“ಮೊದಲನೆಯದಕ್ಕೆ.”

ಅವನು ತಲೆಯಾಡಿಸಿದ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಳಿಕ ಡ್ರಾಪ್ಸ್ ಹಾಕಿ, ಕಣ್ಣಿನ ಹಿಂಬದಿಯ ಪದರವಾದ ರೆಟಿನಾ ನೋಡಿದೆ. ಎಡಗಣ್ಣಿನಲ್ಲಿ ನಟ್ಟನಡುವೆ ಗಾಯದ ಕಲೆ. ಸರ್ಟಿಫಿಕೇಟ್ ಕೊಡಲಿಲ್ಲ. ಒಂದೇ ಕಣ್ಣಿನಿಂದ ಅಂಥ ವೇಗದ ಚೆಂಡು ಹಿಡಿಯಲು ಕೂತಿದ್ದರೆ ಇನ್ನೊಂದು ಕಣ್ಣೂ ಉಳಿಯುವ ಭರವಸೆಯಿರಲಿಲ್ಲ. ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಅವರು ಹೋದ ಮೇಲೆ ಸಾವಿತ್ರಿ ಕೇಳಿದರು: “ಡ್ರಾಪ್ಸ್ ಹಾಕಿದ್ರ ಹೆಂಗೂ ಗೊತ್ತಾಗ್ತಿತ್ತಲ್ರಿ. ಹೇಣ್ತಿ ಮುಂದ ಯಾಕ ಅವರನ್ನ ಅಷ್ಟು ಆಡಿಸಿದ್ರಿ?”

ನಾನು ಫೈಲ್ ತಿರುವುತ್ತಾ ಕೂತೆ. ಮರುವಾರವೇ ಸಾವಿತ್ರಿ ತಾವಾಗಿಯೇ ಕೇಳಿಕೊಂಡು ಬೇರೆ ಡಾಕ್ಟರ ಕೋಣೆಗೆ ಶಿಫ್ಟ್ ಆದರು.

ಅಂದಿನಿಂದ ನಿವೃತ್ತನಾಗುವವರೆಗೆ, ಸುಳ್ಳೆಂದು ಗೊತ್ತಾದ ತಕ್ಷಣ ಚಾರ್ಟ್ ಆಫ್ ಮಾಡುತ್ತಿದ್ದೆ. ಜೊತೆಗೆ ಬಂದವರನ್ನು ಹೊರಗೆ ಕೂರಲು ಹೇಳಿ, ರೋಗಿಯ ಹತ್ತಿರ ಕುರ್ಚಿ ಎಳೆದುಕೊಂಡು ಮಾತಾಡುತ್ತಿದ್ದೆ. ತುಂಬಾ ಒಳ್ಳೆಯ ಡಾಕ್ಟರ್ ಎಂದು ಎಷ್ಟೋ ಜನ ಹೇಳಿದ್ದುಂಟು. ಅವರಾರೂ ಡಾನಾಳ ಕುರ್ಚಿಯಲ್ಲಿ ಕೂತಿರಲಿಲ್ಲ.