ಮರಕ್ಕೊಂದು ಹೆಸರು

ಚೇಟನ ಮುಂಗೈಯ ಕೂದಲಿಗೆ ಯಾವಾಗಲೂ ರಬ್ಬರ್ ಹಾಲು ಒಣಗಿ ಅಂಟಿಕೊಂಡಿರುತ್ತಿತ್ತು. ಹಾಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಇಳಿಯಲು ಬಿಟ್ಟು ನಾವು ಬುತ್ತಿ ಬಿಚ್ಚುವ ಹೊತ್ತಿಗೆ ಅವರು ಅದನ್ನು ಎಳೆ ಎಳೆಯಾಗಿ ಕಿತ್ತು ತೆಗೆಯುತ್ತಿದ್ದರು. ಜೊತೆಗೆ ಕೂದಲೂ ಬರುತ್ತಿತ್ತು. ನಾನು ಹಾಗೆ ಕಿತ್ತರೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಇಷ್ಟು ಸಣ್ಣ ವಿಷಯಕ್ಕೆ.

ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ಅವರ ಅಪ್ಪ ಕೇರಳದಿಂದ ಬಂದು ಕಡಬದ ಆಚೆ ಗುಡ್ಡ ಹಸನು ಮಾಡಿ ನೆಲೆ ನಿಂತವರು. ನಾನು ಐವರ್ನಾಡಿನವನು. ಬೆಳ್ಳಾರೆಯಲ್ಲಿ ಹೋಟೆಲು, ಪುತ್ತೂರಿನಲ್ಲಿ ಲಾರಿ ಎಂದು ನಾಲ್ಕು ಕೆಲಸ ಹಿಡಿದು, ನಾಲ್ಕನ್ನೂ ಬಿಟ್ಟು, ಮೂವತ್ತು ದಾಟುವ ಹೊತ್ತಿಗೆ ಕಡಬದ ಹತ್ತಿರ ಧಣಿಯೊಬ್ಬರ ರಬ್ಬರ್ ತೋಟಕ್ಕೆ ಬಂದು ಬಿದ್ದೆ. ಟ್ಯಾಪಿಂಗ್ ಕತ್ತಿ ಹಿಡಿಯುವುದು ಹೇಗೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಕಲಿಸಿದ್ದು ಚೇಟ.

ರಬ್ಬರ್ ಮರದಿಂದ ಹಾಲು ತೆಗೆಯುವುದು ನೋಡಲಿಕ್ಕೆ ಸುಲಭ. ಹಿಂದಿನ ಸಲದ ಗೀರಿನ ಮೇಲೆ ತೊಗಟೆಯನ್ನು ಹಾಳೆಯಷ್ಟು ತೆಳ್ಳಗೆ ಹೆರೆಯಬೇಕು. ಸ್ವಲ್ಪ ಮೇಲಾದರೆ ಹಾಲು ಬರುವುದಿಲ್ಲ, ಸ್ವಲ್ಪ ಆಳವಾದರೆ ಒಳಗಿನ ಕಟ್ಟಿಗೆಗೆ ಗಾಯವಾಗಿ ಅಲ್ಲಿ ತೊಗಟೆ ಗಂಟುಗಟ್ಟುತ್ತದೆ. ಆ ಜಾಗ ಮತ್ತೆ ಉಪಯೋಗಕ್ಕಿಲ್ಲ. ಗೀರು ಮುಗಿಯುವ ಕಡೆ ನನ್ನ ಮಣಿಕಟ್ಟು ತಾನಾಗಿ ಕೆಳಕ್ಕೆ ಜಗ್ಗಿ, ಕೊನೆಯಲ್ಲಿ ಒಂದು ಕಚ್ಚು ಬೀಳುತ್ತಿತ್ತು. ಚೇಟ ಎಷ್ಟು ದಿನ ನನ್ನ ಮಣಿಕಟ್ಟು ಹಿಡಿದುಕೊಂಡು ತಿದ್ದಿದರೋ ಲೆಕ್ಕವಿಲ್ಲ. ಒಮ್ಮೆಯೂ ರೇಗಲಿಲ್ಲ. ರೇಗಿದ್ದರೆ ನನಗೆ ಅವರನ್ನು ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಅವರದು ಕೆಳಗಿನ ಪಾಲು, ನನ್ನದು ಪಕ್ಕದ್ದು. ಇಬ್ಬರಿಗೂ ಮುನ್ನೂರು ಮುನ್ನೂರು ಮರ. ಅವರು ಪ್ರತಿ ಮರದ ಮುಂದೆ ಬಗ್ಗಿದಾಗ ಏನೋ ಗೊಣಗುವುದು ನನಗೆ ಕೇಳುತ್ತಿತ್ತು. ಮರ ಎಣಿಸುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಮರಕ್ಕೊಬ್ಬರಂತೆ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರಂತೆ! ಮೊದಲ ಮರ ಅಮ್ಮನದು, ಆಮೇಲೆ ಹೆಂಡತಿಯದು, ಮೀನು ಮಾರುವ ಬ್ಯಾರಿಯದು, ಬಸ್ಸಿನ ಕಂಡಕ್ಟರನದು, ಗಡಿಗಲ್ಲು ಕಿತ್ತು ಹಾಕಿದ ನೆರೆಯವನದು. ಹೀಗೆ ಕೆಲಸದ ದಿನವೆಲ್ಲ ಮುನ್ನೂರು ಜನ.

ಇದು ಯಾವಾಗ ಶುರುವಾಯಿತು ಎಂದು ಕೇಳಿದೆ. ಅವರು ಕತ್ತಿಯ ಬಾಯಿಗೆ ಅಂಟಿದ ಹಾಲು ಒರೆಸುತ್ತಾ ಹೇಳಿದರು:

"ಮಗಳು ತೀರಿದ ವರ್ಷ ಈ ಕತ್ತಿ ಎತ್ತಲಿಕ್ಕೆ ಮನಸ್ಸು ಬರ್ಲಿಲ್ಲ. ಇವತ್ತು ಕಡಿಯುದು, ನಾಡಿದ್ದು ಬಂದು ಅದನ್ನೇ ಕಡಿಯುದು. ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. ಮರದ ಬುಡದಲ್ಲಿ ಕೂತು ಕರ್ತನ ಹತ್ರ ಜಗಳ ಮಾಡಿದೆ. ಉತ್ತರ ಎಂತದೂ ಬರ್ಲಿಲ್ಲ. ಮತ್ತೆ ಎದ್ದು ಬಗ್ಗಿದಾಗ ಒಬ್ಬರ ನೆನಪಾಯ್ತು, ಅವರ ಹೆಸರು ಹೇಳಿದೆ. ಅಲ್ಲಿಂದ ಮೇಲೆ ಈ ಕೆಲಸ ನನ್ನದಲ್ಲ, ಕರ್ತನದು ಅಂತ ಆಯ್ತು. ನಾನು ಬಗ್ಗುದು ಮಾತ್ರ."

ಅವರಿಗೆ ಒಬ್ಬಳೇ ಮಗಳು. ಜ್ವರದಲ್ಲಿ ಹೋದದ್ದು. ನಾನು ಆಗ ಮರುಕ ಪಡಬೇಕಿತ್ತು. ಪಟ್ಟದ್ದು ಅಸೂಯೆ. ನನಗೆ ಅಂಥ ದುಃಖ ಬಂದದ್ದಿಲ್ಲ. ಕೈಕಾಲು ಗಟ್ಟಿ, ಮನೆಯಲ್ಲಿ ಎಲ್ಲರೂ ಕ್ಷೇಮ. ಹಾಗಿದ್ದೂ ಬೆಳಿಗ್ಗೆ ಏಳುವಾಗ ಯಾಕೆ ಏಳುತ್ತಿದ್ದೇನೆ ಎಂದು ನನಗೆ ಗೊತ್ತಿರುತ್ತಿರಲಿಲ್ಲ. ಈ ಮನುಷ್ಯ ಅಷ್ಟು ದೊಡ್ಡದನ್ನು ಕಳೆದುಕೊಂಡು ತುಂಬಿಕೊಂಡಿದ್ದರು. ಒಂದೇ ತೋಟ, ಒಂದೇ ಕತ್ತಿ, ಒಂದೇ ಬೆನ್ನುನೋವು. ಅವರಿಗೆ ಅದರಲ್ಲಿ ಅರ್ಥ ಸಿಕ್ಕಿತ್ತು, ನನಗೆ ಬರೀ ಬೆನ್ನುನೋವು ಸಿಕ್ಕಿತ್ತು.

ಯಾರಿಗೂ ಹೇಳದೆ ನಾನೂ ಒಂದು ದಿನ ಪ್ರಯತ್ನ ಮಾಡಿದೆ. ದೇವರಲ್ಲಿ ನನಗೆ ಅಷ್ಟೇನೂ ಗಟ್ಟಿ ನಂಬಿಕೆಯಿಲ್ಲ, ಆದರೂ ಹೆಸರು ಹೇಳುವುದಕ್ಕೆ ಏನು ಖರ್ಚು? ಅಪ್ಪ, ಅಮ್ಮ, ತಂಗಿ ಎಂದು ಶುರುಮಾಡಿದೆ. ಹತ್ತನೆಯ ಮರದ ಹೊತ್ತಿಗೆ ಒಳ್ಳೆಯದಾಗಲಿ ಎಂದು ಹಾರೈಸಬಹುದಾದ ಜನ ನನ್ನಲ್ಲಿ ಮುಗಿದುಹೋಗಿದ್ದರು. ಇನ್ನೂರ ತೊಂಬತ್ತು ಮರ ಬಾಕಿ ಇತ್ತು.

ಧಣಿ ಈ ಕಿಚ್ಚಿಗೆ ತುಪ್ಪ ಸುರಿದರು. ಪುತ್ತೂರಿನಿಂದಲೋ ಸುಳ್ಯದಿಂದಲೋ ಯಾರೇ ತೋಟ ನೋಡಲು ಬರಲಿ, ಧಣಿ ನೇರವಾಗಿ ಕರೆದುಕೊಂಡು ಹೋಗುವುದು ಚೇಟನ ಪಾಲಿಗೆ. ತೊಗಟೆಯ ಮೇಲೆ ಕೈಯಾಡಿಸಿ, "ನೋಡಿ ಮಾರಾಯ್ರೆ, ಕ್ಷೌರ ಮಾಡಿದ ಕೆನ್ನೆ ಹಾಗೆ ಉಂಟು" ಎನ್ನುತ್ತಿದ್ದರು. ಆಮೇಲೆ ನನ್ನ ಪಾಲಿನ ಕಡೆ ಕೈ ತೋರಿಸಿ, ಇವನೂ ಅವನ ಹತ್ತಿರವೇ ಕಲಿತದ್ದು, ಆದರೆ ವ್ಯತ್ಯಾಸ ನೋಡಿ ಎಂದು ನಗುತ್ತಿದ್ದರು. ಬಂದವರೂ ನಗುತ್ತಿದ್ದರು. ಚೇಟ ಮಾತ್ರ ನಗದೆ, ಇವನದು ಹಳೆಯ ಮರ ಧಣಿ, ತೊಗಟೆ ಗಡುಸು, ಎಂದು ನನ್ನ ಪರ ವಹಿಸುತ್ತಿದ್ದರು. ಅವರು ಪರ ವಹಿಸಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಭಾನುವಾರ ಚೇಟ ಕತ್ತಿ ಮುಟ್ಟುವವರಲ್ಲ. ಒಗೆದ ಬಿಳಿ ಪಂಚೆ ಉಟ್ಟು, ಚೇಚಿಯನ್ನು ಕರೆದುಕೊಂಡು ಚರ್ಚಿಗೆ ಹೋಗುತ್ತಿದ್ದರು. ಚೇಚಿ ಎಂದರೆ ಅಕ್ಕ, ಅವರ ಹೆಂಡತಿಯನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದದ್ದು. ಅಂಥ ಒಂದು ಭಾನುವಾರ ಬೆಳಿಗ್ಗೆ, ಹೊಗೆಮನೆಯಲ್ಲಿ ಒಣಗಲು ಹಾಕಿದ ರಬ್ಬರ್ ಶೀಟು ಮಗುಚಿ ಹಾಕಲು ನಾನೊಬ್ಬನೇ ತೋಟಕ್ಕೆ ಬಂದಿದ್ದೆ. ದೂರದಲ್ಲಿ ಚರ್ಚಿನ ಗಂಟೆ ಕೇಳಿಸಿತು. ಕತ್ತಿ ತೆಗೆದುಕೊಂಡು ಅವರ ಪಾಲಿಗೆ ಇಳಿದೆ. ಅವರ ಅಮ್ಮನ ಹೆಸರಿನ ಮೊದಲ ಮರದಿಂದಲೇ ಶುರುಮಾಡಿದೆ. ಮೂವತ್ತು ಮರಗಳನ್ನು ಕಟ್ಟಿಗೆ ತಾಗುವಷ್ಟು ಆಳಕ್ಕೆ ಕಡಿದೆ. ಹಾಲು ಗೀರು ಬಿಟ್ಟು ಹೊರಗೆ ಹರಿದು, ಬುಡದವರೆಗೆ ಇಳಿಯಿತು. ನನಗೆ ಸುಖವಾಯಿತು. ಇದನ್ನು ಮುಚ್ಚಿಟ್ಟು ಬರೆದರೆ ಚೇಟನ ಬಗ್ಗೆ ಬರೆಯುವ ಯೋಗ್ಯತೆ ನನಗೆ ಇರುವುದಿಲ್ಲ.

ಸೋಮವಾರ ಅವರು ಮೊದಲ ಮರದ ಮುಂದೆ ಬಗ್ಗಿದವರು ತುಂಬ ಹೊತ್ತು ಏಳಲಿಲ್ಲ. ಗೀರಿನ ಕೊನೆಯಲ್ಲಿದ್ದ ಕಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಲಿಲ್ಲ. ಆಮೇಲೆ ಯಾವತ್ತಿನಂತೆ ಗೊಣಗುತ್ತಾ ಮುಂದಿನ ಮರಕ್ಕೆ ಹೋದರು. ಅವರಿಗೆ ಗೊತ್ತಾಯಿತೋ ಇಲ್ಲವೋ ಎಂದು ನಾನು ಎರಡು ದಿನ ಒದ್ದಾಡಿದೆ.

ಬುಧವಾರ ಧಣಿ ನೆಂಟರನ್ನು ಕರೆತಂದರು. ಕ್ಷೌರದ ಕೆನ್ನೆ ತೋರಿಸಲು ಹೋಗಿ ಗಾಯ ಕಂಡರು. ನೆಂಟರ ಎದುರಲ್ಲೇ, ಕುಡಿದು ಕಡಿದೆಯಾ ಎಂದು ಚೇಟನನ್ನು ಕೇಳಿದರು. ಜನ್ಮದಲ್ಲಿ ಕುಡಿಯದ ಮನುಷ್ಯ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಇಷ್ಟೇ ಹೇಳಿದರು:

"ಈ ಮರಗಳ ಜವಾಬ್ದಾರಿ ನನ್ನದು ಧಣಿ. ನಾನೇ ಮದ್ದು ಹಚ್ತೇನೆ."

ತಾನೇ ಮಾಡಿದ್ದು ಎನ್ನಲಿಲ್ಲ, ತಾನಲ್ಲ ಎನ್ನಲೂ ಇಲ್ಲ. ಒಂದು ಸುಳ್ಳು ಹೇಳಿದ್ದರೂ ಅದನ್ನು ಹಿಡಿದುಕೊಂಡು ನಾನು ಸಮಾಧಾನ ಪಡುತ್ತಿದ್ದೆ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

ಧಣಿ ಆ ಪಾಲನ್ನು ಅವರಿಂದ ಕಿತ್ತು ನನಗೆ ಕೊಟ್ಟರು. ಐವತ್ತು ದಾಟಿದ ಚೇಟನನ್ನು ಗುಡ್ಡದ ಮೇಲಿನ ಮುದಿ ಮರಗಳಿಗೆ ಕಳಿಸಿದರು. ಅಲ್ಲಿ ಕೆಳಗಿನ ತೊಗಟೆಯೆಲ್ಲ ಮುಗಿದಿರುವುದರಿಂದ ಮರಮರಕ್ಕೂ ಏಣಿ ಇಟ್ಟು ಹತ್ತಬೇಕು. ಅವರು ಹತ್ತಿದರು. ವಾರಕ್ಕೆ ಎರಡು ಸಂಜೆ, ತನ್ನದಲ್ಲದ ನನ್ನ ಪಾಲಿಗೆ ಇಳಿದು ಬಂದು, ಸೆಗಣಿ ಮತ್ತು ಜೇಡಿಮಣ್ಣು ಕಲಸಿ ಆ ಮೂವತ್ತು ಮರಗಳ ಗಾಯಕ್ಕೆ ಹಚ್ಚುತ್ತಿದ್ದರು. ನಾನು ಕಂಡೂ ಕಾಣದಂತೆ ಹೊಗೆಮನೆಯ ಹಿಂದೆ ಇರುತ್ತಿದ್ದೆ. ನಿಮ್ಮ ಹೆಸರುಗಳ ಗತಿ ಏನಾಯಿತು ಎಂದು ಒಮ್ಮೆ ಕುಹಕದಿಂದಲೇ ಕೇಳಿದೆ. "ಮರ ಬದಲಾಯ್ತು ಮಾರಾಯ, ಜನ ಅವರೇ ಅಲ್ವಾ" ಎಂದರು. ಅವರ ಮರಗಳು ನನ್ನ ಕೈಗೆ ಬಂದಿದ್ದವು, ಅವರಲ್ಲಿದ್ದದ್ದು ಬರಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಆ ವರ್ಷ ಬೇಸಗೆಗೆ ಮುಂಚೆ ಚೇಟನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಪುತ್ತೂರಿನಲ್ಲಿ ನೋಡಿ, ಮಂಗಳೂರಿಗೆ ಕಳಿಸಿ, ಅಲ್ಲಿಂದ ಮನೆಗೆ ಕಳಿಸಿದರು. ಮನೆಗೆ ಕಳಿಸಿದರು ಎಂದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೋಡಲು ಹೋದದ್ದು ಅವರ ಪೆಸಹಾ ಗುರುವಾರದಂದು, ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನ. ಆ ಸಂಜೆ ಅವರ ಮನೆಗಳಲ್ಲಿ ಹುಳಿ ಬರಿಸದ ಹಿಟ್ಟಿನಿಂದ ಅಪ್ಪ ಎಂಬ ರೊಟ್ಟಿ ಬೇಯಿಸಿ, ಮೇಲೆ ತೆಂಗಿನ ಗರಿಯ ಶಿಲುಬೆ ಇಡುತ್ತಾರೆ. ಪ್ರಾರ್ಥನೆ ಮುಗಿಸಿ ಯಜಮಾನ ಅದನ್ನು ಮುರಿದು, ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ಅದ್ದಿ, ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರ ಕೈಗೂ ಕೊಡುತ್ತಾನೆ. ಅದು ಮನೆಯವರಿಗೆ ಮಾತ್ರ. ಹೊರಗಿನವರಿಗೆ ಬೇರೆ ಅಪ್ಪ ಇರುತ್ತದೆ, ಶಿಲುಬೆ ಇಡದ್ದು. ಹಿಂದಿನ ವರ್ಷಗಳಲ್ಲಿ ಚೇಚಿ ನನಗೆ ಕಳಿಸುತ್ತಿದ್ದದ್ದು ಅದು. ಅದನ್ನು ತಿನ್ನುವಾಗಲೂ ಒಳಗಿನದು ಇನ್ನೂ ರುಚಿ ಇರಬಹುದು ಎಂದು ನಾನು ಕರುಬುತ್ತಿದ್ದೆ.

ಆ ಸಂಜೆ ನಾನು ಜಗಲಿಯಲ್ಲಿ ಕೂತಿದ್ದೆ. ಒಳಗೆ ಚೇಟನನ್ನು ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಸುತ್ತ ಚೇಚಿ, ಚೇಟನ ತಮ್ಮಂದಿರು, ತಮ್ಮಂದಿರ ಮಕ್ಕಳು. ಮುರಿಯುವ ಮುಂಚೆ ಚೇಟ ಬಾಗಿಲ ಕಡೆ ನೋಡಿ ನನ್ನನ್ನು ಕರೆದರು. ಚೇಚಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಮತ್ತೆ ಕರೆದರು. ಒಳಗೆ ಹೋಗಿ, ವಯಸ್ಸಿನ ಪ್ರಕಾರ ಕಿರಿಯ ತಮ್ಮನ ನಂತರ ನಿಂತೆ. ಸರದಿ ಬಂತು. ಬತ್ತಿಹೋದ ಆ ಕೈ ನನ್ನ ಮುಂದೆ ಚಾಚಿದಾಗ ನನ್ನ ಕೈ ಮೇಲೇಳಲಿಲ್ಲ.

"ಚೇಟಾ, ಆ ಮೂವತ್ತು ಮರ ಕಡಿದದ್ದು ನಾನು" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಚೇಟ ಅಪ್ಪದ ತುಂಡನ್ನು ಹಾಗೇ ಹಿಡಿದುಕೊಂಡಿದ್ದರು. ಅದರಿಂದ ಹಾಲು ಅವರ ಮಡಿಲಿಗೆ ತೊಟ್ಟಿಕ್ಕುತ್ತಿತ್ತು.

"ಗೊತ್ತುಂಟು ಮಾರಾಯ" ಎಂದರು. "ಆ ಸೋಮವಾರವೇ ಗೊತ್ತಿತ್ತು. ನಿನ್ನ ಹಿಂದೆ ಮಕ್ಕಳು ಕಾಯ್ತಾ ಇದ್ದಾರೆ. ಕೈ ಹಿಡಿ."

ಹಿಡಿದೆ. ತಿಂದೆ. ರುಚಿ ನೆನಪಿಲ್ಲ. ಅಳುತ್ತಾ ತಿಂದದ್ದು ಮಾತ್ರ ನೆನಪಿದೆ.

ಈಸ್ಟರ್ ಕಳೆದ ವಾರದಲ್ಲಿ ಚೇಟ ತೀರಿಕೊಂಡರು. ಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟೆ. ಸಮಾಧಿಯ ಹತ್ತಿರ ನಿಂತಿದ್ದಾಗ ಗಡಿಗಲ್ಲು ಕಿತ್ತ ನೆರೆಯವನು ತನ್ನ ಕಥೆ ಹೇಳಿದ, ಬಸ್ಸಿನ ಕಂಡಕ್ಟರು ತನ್ನದು ಹೇಳಿದ. ಚೇಟ ಅವರನ್ನೆಲ್ಲ ಮನ್ನಿಸಿದ್ದರು. ನಾಚಿಕೆಯಿಂದಲೇ ಬರೆಯುತ್ತೇನೆ, ಅಲ್ಲೂ ನನಗೆ ಹೊಟ್ಟೆ ಉರಿಯಿತು. ಅವರ ಕ್ಷಮೆಯಾದರೂ ನನ್ನೊಬ್ಬನಿಗೇ ಸಿಕ್ಕಿದ್ದು ಎಂದುಕೊಂಡಿದ್ದೆ.

ಮಣ್ಣು ಹಾಕಿ ಬಂದವನು ನೇರವಾಗಿ ಧಣಿಯ ಮನೆಗೆ ಹೋದೆ. ಮೆಟ್ಟಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕೆಲಸದಿಂದ ತೆಗೆದರೆ ತೆಗೆಯಲಿ, ಊರು ಬಿಡಿಸಿದರೆ ಬಿಡಿಸಲಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಧಣಿಗೆ ಆಗ ಎಂಬತ್ತರ ಹತ್ತಿರ. ಬೈಯಲಿಲ್ಲ. ಕಡಿದದ್ದು ನೀನು ಅಂತ ಅವನಿಗೆ ಗೊತ್ತಿತ್ತಾ ಎಂದು ಕೇಳಿದರು.

"ಗೊತ್ತಿತ್ತು ಧಣಿ. ಗೊತ್ತಿದ್ದೇ ತಮ್ಮ ಕೈಯಿಂದ ಪೆಸಹಾ ಅಪ್ಪ ಕೊಟ್ಟರು."

"ನಿನಗೆ ಹೇಳ್ಲಿಕ್ಕಾದರೂ ಅವನು ಸಿಕ್ಕಿದ" ಎಂದರು ಧಣಿ. "ನಾನು ನಾಲ್ಕು ಜನರ ಎದುರು ಅವನನ್ನು ಕುಡುಕ ಅಂದೆ. ನಾನು ಈಗ ಯಾರ ಹತ್ರ ಹೇಳುದು?"

ಧಣಿ ಕುರ್ಚಿಯಿಂದ ನನ್ನನ್ನೇ ನೋಡುತ್ತಾ ಕೂತರು. ಅಷ್ಟು ಆಸ್ತಿಯ ಆ ಮನುಷ್ಯ, ಬೆವರಿದ ಅಂಗಿಯಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡುತ್ತಿದ್ದ ಆ ನೋಟದ ಪರಿಚಯ ನನಗೆ ಚೆನ್ನಾಗಿತ್ತು. ಅಷ್ಟೂ ವರ್ಷ ನಾನು ಚೇಟನನ್ನು ನೋಡಿದ್ದು ಅದೇ ಕಣ್ಣಿನಿಂದ.