ಊಟದ ಹೊತ್ತಿಗೆ ಕೂಗುವ ಮಶೀನು

ನಿಪ್ಪಾಣಿಯ ನಮ್ಮ ಶಾಲೆಯ ಆಫೀಸಿನಲ್ಲಿ ಒಂದು ಹಳೆಯ ಯುಪಿಎಸ್ ಇದೆ. ಜೀವ ಅರ್ಧ ಹೋಗಿದೆ, ಬಾಯಿ ಮಾತ್ರ ಗಟ್ಟಿ. ಕರೆಂಟು ಹೋದರೆ ಸಾಕು, ಬೀಪ್ ಬೀಪ್ ಎಂದು ಕಿರುಚತೊಡಗುತ್ತದೆ. ಮೊನ್ನೆ ಹಾಗೆ ಕಿರುಚಿದಾಗ ನಮ್ಮ ಗುಮಾಸ್ತರು ಚಹಾದ ಕಪ್ಪು ಕೆಳಗಿಡುವ ತೊಂದರೆಯನ್ನೂ ತೆಗೆದುಕೊಳ್ಳದೆ, ಕಾಲಿನ ಹೆಬ್ಬೆರಳಿನಿಂದಲೇ ಅದರ ಗುಂಡಿ ಒತ್ತಿ ಬಂದ್ ಮಾಡಿದರು. "ಇದರ ವಟವಟ ಸಾಕಾತು ನೋಡ್ರಿ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ಕರೆಂಟು ಬಂದಾಗ ಎದ್ದು ಹೋಗಿ ನಾನೇ ಅದನ್ನು ಹಚ್ಚಿ ಬಂದೆ. "ಏನ್ರಿ ಅಕ್ಕೋರ, ಅಷ್ಟ ಅವಸರ?" ಎಂದು ಅವರು ಕೇಳಿದರು. ನನಗೆ ಅಥಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಆಯಿ ನೆನಪಾಗಿದ್ದಳು.

ಅಥಣಿಯಲ್ಲಿ ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆಯಿಯ ಮನೆಯ ಮಾಳಿಗೆಯ ಮೇಲೊಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಪಡಸಾಲೆಯೇ ಖಾನಾವಳಿ, ಹಿಂದೆ ಅಡುಗೆಮನೆ, ನಡುವೆ ಬಾಗಿಲಿಲ್ಲದ ಒಂದು ಕತ್ತಲೆ ಖೋಲಿ. ಅಷ್ಟೇ ಮನೆ. ಕೋರ್ಟು ಕಚೇರಿಯ ಕೆಲಸಕ್ಕೆ ತೆಲಸಂಗದ ಕಡೆಯಿಂದ ಬಂದವರು, ಚಪ್ಪಲಿ ಮಾಡುವವರು, ಬ್ಯಾಂಕಿನವರು, ಹೆಂಡತಿ ತವರಿಗೆ ಹೋದ ಗಂಡಸರು, ಎಲ್ಲರೂ ಅಲ್ಲಿಗೇ ಊಟಕ್ಕೆ ಬರುತ್ತಿದ್ದರು. ನಾನೂ ಅಲ್ಲೇ ಉಣ್ಣುತ್ತಿದ್ದೆ. ಅಡುಗೆ ಮಾಡಲು ಬಾರದ ಹೆಣ್ಣುಮಗಳೆಂದು ಆಯಿ ನನ್ನನ್ನು ಬಂದವರೆದುರು ಆಡಿಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವಳ ಬಿಸಿ ರೊಟ್ಟಿ, ಝುಣಕ, ಮೇಲೆ ಶೇಂಗಾ ಚಟ್ನಿ ಕಂಡಕೂಡಲೇ ಇಳಿದುಬಿಡುತ್ತಿತ್ತು.

ಆಯಿಗೆ ಒಂದೇ ಒಂದು ಕಟ್ಟುನಿಟ್ಟು. ತಾಟಿನ ಮುಂದೆ ಕುಳಿತವನನ್ನು ಉಂಡು ಕೈತೊಳೆಯುವ ತನಕ ಯಾರೂ ಎಬ್ಬಿಸಕೂಡದು. ಸಾಹೇಬರು ಕರೆಯುತ್ತಾರೆ ಎಂದು ಬಂದ ಸಿಪಾಯಿಯನ್ನೂ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಡುತ್ತಿದ್ದಳು. ಒಮ್ಮೆ ಒಬ್ಬರು ಉಣ್ಣುತ್ತಿರುವಾಗ ಅವರ ಕಾಕಾ ತೀರಿಹೋದ ಸುದ್ದಿ ಹೊತ್ತು ಹಳ್ಳಿಯಿಂದ ಒಬ್ಬ ಮೋಟರ್‌ಸೈಕಲ್ ಮೇಲೆ ಬಂದ. ಆಯಿ ಅವನನ್ನು ಬಾಗಿಲಲ್ಲೇ ತಡೆದಳು. "ಸತ್ತವರಿಗೇನ ಅವಸರ ಐತೋ ಯಪ್ಪಾ? ಇಂವಾ ಇನ್ನೊಂದ ರೊಟ್ಟಿ ಉಣಲಿ, ಆಮ್ಯಾಲ ಹೇಳು. ಇವತ್ತ ಇನ್ನ ಊಟ ಸಿಗೂದಿಲ್ಲ ಅವಗ" ಎಂದಳು. ಆ ಮನುಷ್ಯ ಏನೂ ತಿಳಿಯದೆ ಹೊಟ್ಟೆ ತುಂಬ ಉಂಡ. ಆಮೇಲೆ ಅತ್ತ. ಈಗಲೂ ನನಗೆ ಆಯಿ ಮಾಡಿದ್ದು ತಪ್ಪೆನ್ನಲು ಬಾಯಿ ಬರುವುದಿಲ್ಲ.

ಮದುವೆಯಾಗಿ ಬಂದಾಗಿನಿಂದ ಆಯಿ ಒಲೆಯ ಮುಂದೆಯೇ ಕುಳಿತವಳು. ತೊಗರಿಕಟ್ಟಿಗೆ, ಕುಳ್ಳು, ಮಳೆಗಾಲದಲ್ಲಿ ಹಸಿ ಸೌದೆ. ಗ್ಯಾಸು ಬಂದ ಮೇಲೂ ರೊಟ್ಟಿಯನ್ನು ಕಟ್ಟಿಗೆ ಒಲೆಯ ಮೇಲೆಯೇ ಬೇಯಿಸಬೇಕು, ಇಲ್ಲದಿದ್ದರೆ ಬಂದವರು ಮುಖ ಸಿಂಡರಿಸುತ್ತಾರೆ. ಕೆಮ್ಮು ಮೊದಲಿನಿಂದಲೂ ಇತ್ತು, ಅದನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲಾಮೇಲೆ ಬಚ್ಚಲತನಕ ನಡೆದರೂ ಉಬ್ಬಸ. ಮಗ ಮಿರಜಿಗೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರರು ಎದೆಯ ಫೋಟೋ ನೋಡಿ, ಬೀಡಿ ಸೇದುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರಂತೆ. "ಸೇದಿದ್ದು ನಾ ಅಲ್ರಿ, ನಮ್ಮ ಒಲಿ" ಎಂದು ಇವಳು ಹೇಳಿದಳಂತೆ. ಊರಿಗೆ ಬಂದು ಅದನ್ನೇ ಎಲ್ಲರಿಗೂ ಹೇಳಿ ನಕ್ಕಳು, ನಗುವಾಗಲೂ ಏದುಸಿರು.

ಮನೆಗೆ ಆಕ್ಸಿಜನ್ ಮಶೀನು ಬಂತು. ಗೋಡೆಯ ಕರೆಂಟಿನಿಂದ ನಡೆಯುವಂಥದ್ದು, ಸಣ್ಣ ಟ್ರಂಕಿನಷ್ಟು ದೊಡ್ಡದು. ಹಗಲೂ ರಾತ್ರಿ ಫ್ರಿಜ್ಜಿನಂತೆ ಗುಂಯ್‌ಗುಡುತ್ತ ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುತ್ತಿತ್ತು. ಅದರ ನಳಿಕೆ ಆಯಿಯ ಮೂಗಿಗೆ. ಜೋಡಿಸಲು ಬಂದವರು ಮೊದಲು ಹೇಳಿದ್ದೇ ಬೆಂಕಿಯ ಮಾತು. ಇದರ ಹತ್ತಿರ ಒಲೆ, ದೀಪ, ಊದಿನಕಡ್ಡಿ, ಬೀಡಿ ಯಾವುದೂ ಸಲ್ಲದು. ಆಕ್ಸಿಜನ್ ಇದ್ದಲ್ಲಿ ಕಿಡಿ ಬಿದ್ದರೆ ಭಗ್ಗೆಂದು ಉರಿಯುತ್ತದೆ. ಅಡುಗೆಮನೆ ದೂರದ ಮಾತಾಯಿತು. ನಡುವಿನ ಖೋಲಿಗೆ ಬಾಗಿಲೇ ಇಲ್ಲ, ಒಲೆಯ ಕಿಡಿ ಹಾರಿ ಬರುವಷ್ಟು ಹತ್ತಿರ. ಮಾಳಿಗೆಯ ನನ್ನ ಖೋಲಿ ಬಿಟ್ಟುಕೊಡುತ್ತೇನೆಂದೆ. ಆದರೆ ಮೆಟ್ಟಿಲು ಹತ್ತುವ ಉಸಿರು ಅವಳಲ್ಲಿ ಉಳಿದಿರಲಿಲ್ಲ. ಕೊನೆಗೆ ಆಯಿಯ ಮಂಚ, ಮಶೀನು ಎರಡೂ ಪಡಸಾಲೆಯ ಮೂಲೆಗೆ ಬಂದವು, ಉಣ್ಣುವವರ ನಡುವೆ.

ಅದಕ್ಕೆ ಅಲಾರ್ಮ್ ಇತ್ತು. ನಳಿಕೆ ಮಡಚಿದರೆ ಕೂಗುತ್ತದೆ, ಕರೆಂಟು ಹೋದರೆ ಬಿಡದೆ ಕೂಗುತ್ತದೆ. ಕೂಗಿದಕೂಡಲೇ ಯಾರಾದರೂ ಓಡಿ ಬಂದು ಪಕ್ಕದಲ್ಲಿಟ್ಟ ಸಣ್ಣ ಸಿಲಿಂಡರಿನ ಕೀಲಿ ತಿರುಗಿಸಿ, ನಳಿಕೆಯನ್ನು ಅದಕ್ಕೆ ಹಚ್ಚಬೇಕು, ಆ ಕೀಲಿ ತಿರುಗಿಸುವ ಬಲ ಆಯಿಯ ಕೈಯಲ್ಲಿರಲಿಲ್ಲ. ಅಲಾರ್ಮ್ ಸುಮ್ಮನಾಗಬೇಕೆಂದರೆ ಮಶೀನಿನ ಗುಂಡಿಯನ್ನೇ ಬಂದ್ ಮಾಡಬೇಕು. ಆದರೆ ಕರೆಂಟು ಬಂದಮೇಲೆ ನೆನಪಿಟ್ಟು ಮತ್ತೆ ಹಚ್ಚಬೇಕು, ಅದು ತಾನಾಗಿ ಶುರುವಾಗುವುದಿಲ್ಲ. ಜೋಡಿಸಲು ಬಂದವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿದೆ. ಆಯಿ ಮರಾಠಿಯನ್ನು ನನಗಿಂತ ಚೆನ್ನಾಗಿ ಬಲ್ಲವಳು, ಆದರೂ ಶಾಲೆಯ ಹುಡುಗಿಯಂತೆ ತಲೆಯಾಡಿಸಿದಳು.

ಮೊದಲ ಸಲ ಅದು ಕೂಗಿದ್ದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಬಿಸಿಲುಕಾಲ, ಪಡಸಾಲೆ ಭರ್ತಿ. ಕರೆಂಟು ಹೋಯಿತು, ಫ್ಯಾನು ನಿಂತವು, ಮಶೀನು ಬಾಯಿಬಡಿದುಕೊಳ್ಳತೊಡಗಿತು. ಎಲ್ಲರೂ ತಾಟು ಬಿಟ್ಟು ಎದ್ದರು. ಒಬ್ಬರಂತೂ ಕೈಯಲ್ಲಿ ರೊಟ್ಟಿಯ ತುಂಡು ಹಿಡಿದುಕೊಂಡೇ ರಸ್ತೆಗೆ ಹಾರಿದರು. ಒಳಗೆ ಸೊಸೆ, ನಾನು ವೈನಿ ಎಂದು ಕರೆಯುತ್ತಿದ್ದವಳು, ಹೆಂಚಿನ ಮೇಲೆ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲಿ ಓಡಿ ಬಂದು ಸಿಲಿಂಡರು ತಿರುಗಿಸಿದಳು. ಆಯಿಗೆ ಏನೂ ಆಗಲಿಲ್ಲ. ರೊಟ್ಟಿ ಹೊತ್ತಿ ಕರಕಲಾಯಿತು, ಅಷ್ಟೇ. ಅಲಾರ್ಮ್ ತನ್ನ ಕೆಲಸ ಮಾಡಿತ್ತು, ಸೊಸೆ ತನ್ನ ಕೆಲಸ ಮಾಡಿದ್ದಳು. ಆದರೆ ಆಯಿ ಸೆರಗು ಮುಖಕ್ಕೆ ಹಿಡಿದುಕೊಂಡು ಕುಳಿತುಬಿಟ್ಟಳು. "ನನ್ನ ಸಲುವಾಗಿ ಉಣ್ಣೂ ಮಂದಿ ತಾಟ ಬಿಟ್ಟ ಎದ್ದರಲ್ಲವ್ವಾ… " ಎಂದು ಸಂಜೆಯತನಕ ಅದೇ ಮಾತು. ನಾವು ಎದ್ದರೇನಾಯಿತು, ಮತ್ತೆ ಕುಳಿತೆವಲ್ಲ ಎಂದು ಬಂದವರೇ ಸಮಾಧಾನ ಹೇಳಿದರು. ಅವಳ ಮನಸ್ಸಿಗೆ ಅದು ಹತ್ತಲಿಲ್ಲ.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಪಡಸಾಲೆಯಲ್ಲಿ ಮಂದಿ ಹಾಯಾಗಿ ಉಣ್ಣುತ್ತಿದ್ದರು, ಫ್ಯಾನು ತಿರುಗುತ್ತಿದ್ದವು. ಏನೋ ಕಡಿಮೆಯಾಗಿದೆ ಅನಿಸಿತು, ಏನೆಂದು ತಿಳಿಯಲಿಲ್ಲ. ಆಯಿ ಗೋಡೆಗೊರಗಿ ಕುಳಿತಿದ್ದಳು, ಮೂಗಿನಲ್ಲಿ ನಳಿಕೆ ಇತ್ತು, ತುಟಿ ಮಾತ್ರ ನೇರಳೆ ಹಣ್ಣು ತಿಂದವರ ಹಾಗೆ. ಮಶೀನಿನ ಗುಂಯ್ ಎನ್ನುವ ಸದ್ದಿರಲಿಲ್ಲ. ಗುಂಡಿ ಬಂದ್ ಆಗಿತ್ತು. ಹಚ್ಚಿದೆ. ಅವಳ ತುಟಿಯ ಬಣ್ಣ ತಿರುಗುವತನಕ ಅವಳ ಕೈ ಹಿಡಿದುಕೊಂಡು ಕುಳಿತೆ, ಆಮೇಲೆ ಬಾಯಿಗೆ ಬಂದಂತೆ ಬೈದೆ.

ಕರೆಂಟು ಹೋದಕೂಡಲೇ, ಅದು ಎರಡು ಸಲ ಕೂಗುವಷ್ಟರಲ್ಲಿ, ಮಂಚದ ಮೇಲಿನಿಂದ ಕೈಚಾಚಿ ಅವಳೇ ಬಂದ್ ಮಾಡುತ್ತಿದ್ದಳು. ಸೊಸೆಯನ್ನೂ ಕೂಗುತ್ತಿರಲಿಲ್ಲ. ಕೂಗಿದರೆ ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತದೆ, ತಾಟಿನ ಮುಂದಿನವನು ಕೈ ನೆಕ್ಕುತ್ತ ಕೂಡಬೇಕಾಗುತ್ತದೆ. ಕರೆಂಟು ಬಂದಮೇಲೆ ಹಚ್ಚಬೇಕೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಉಸಿರು ಕಡಿಮೆಯಾದಾಗ ಮನುಷ್ಯನಿಗೆ ಮಂಪರು ಹತ್ತುತ್ತದೆ, ಕೈ ಮೇಲೇಳುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. "ಉಣ್ಣಾಕ ಕುಂತವರ್ನ ಎಬ್ಬಸಿ ನಾ ಎಷ್ಟ ದಿನಾ ಉಸಿರಾಡ್ಲಿ ಹೇಳ್ರಿ ಅಕ್ಕೋರ?" ಎಂದಳು.

ನಾವು ಸುಮ್ಮನೆ ಕೂಡಲಿಲ್ಲ. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರು ಓಡಿಸಿ ದಣಿದು ಬಂದ ಮಗ ಆ ಗುಂಡಿಯ ಮೇಲೆ ಟೇಪು ಸುತ್ತಿದ. ಅವಳು ಉಗುರಿನಿಂದ ಕಿತ್ತಳು. ಮಶೀನನ್ನು ಕೈಗೆಟುಕದಷ್ಟು ದೂರ ಸರಿಸಿದರೆ ನಳಿಕೆ ಉಣ್ಣುವವರ ಕಾಲಿಗೆ ಸಿಕ್ಕಿತು, ಒಂದು ದಿನ ಯಾರೋ ಎಡವಿದರು. ಮರುದಿನವೇ ಅದು ಮೊದಲಿನ ಜಾಗಕ್ಕೆ ಬಂತು. ಮನೆಯಲ್ಲಿದ್ದ ಇನ್ವರ್ಟರ್ ದೀಪಕ್ಕಷ್ಟೇ ಸಾಲುವಂಥದ್ದು, ಈ ಮಶೀನಿಗೆ ಹಚ್ಚಿದರೆ ಕಣ್ಣು ಮಿಟುಕಿಸುವುದರೊಳಗೆ ಮಲಗುತ್ತಿತ್ತು. ಖಾನಾವಳಿ ಬಂದ್ ಮಾಡೋಣ ಎಂದು ಮಗ ಒಮ್ಮೆ ಅಂದ. ಅಂದು ಆಯಿ ಊಟ ಮಾಡಲಿಲ್ಲ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಸೊಸೆ ಮಾತ್ರ ರೊಟ್ಟಿ ಬಡಿಯುತ್ತ ಬಡಿಯುತ್ತ, "ಅತ್ತೀ…" ಎಂದು ಒಳಗಿನಿಂದ ಕೂಗುವುದು ರೂಢಿ ಮಾಡಿಕೊಂಡಳು. "ಹೂಂ" ಎಂದು ಉತ್ತರ ಬಂದರೆ ಮುಂದಿನ ರೊಟ್ಟಿ.

ನಮ್ಮ ಶಾಲೆಗೂ ಆಯಿಯ ಓಣಿಗೂ ಒಂದೇ ಲೈನಿನ ಕರೆಂಟು. ತರಗತಿಯಲ್ಲಿ ಫ್ಯಾನು ನಿಂತರೆ ಅಲ್ಲಿ ಮಶೀನು ನಿಂತಿತು ಎಂದೇ ಅರ್ಥ. ಹುಡುಗಿಯರು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು, ನಾನು ವರಾಂಡಕ್ಕೆ ಹೋಗಿ ವೈನಿಗೆ ಫೋನು ಹಚ್ಚುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿರುವವಳು ಫೋನು ಎತ್ತುವುದು ಹೇಗೆ? ಒಮ್ಮೊಮ್ಮೆ ಎತ್ತುತ್ತಿದ್ದಳು, ಬಹಳ ಸಲ ಇಲ್ಲ. ಗಂಟೆ ಬಾರಿಸಿದಂತೆ ಅಪಾಯ ಗೊತ್ತಾಗುತ್ತದೆ, ಕಾಲು ಮಾತ್ರ ಶಾಲೆಯ ನೆಲಕ್ಕೆ ಅಂಟಿಕೊಂಡಿರುತ್ತದೆ. ಅಂಥ ಅಸಹಾಯಕತೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ದಿನವೂ ಫ್ಯಾನು ನಿಂತವು. ಫೋನು ಹಚ್ಚಿದೆ, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಬೇಕೆನ್ನುವಷ್ಟರಲ್ಲಿ ಫ್ಯಾನು ತಿರುಗಿದವು, ಹುಡುಗಿಯರು ಹೋ ಎಂದು ಕೂಗಿದರು. ನಾನೂ ಉಸಿರು ಬಿಟ್ಟೆ. ಕರೆಂಟು ಬಂತಲ್ಲ, ಇನ್ನೇನು… ಬೋರ್ಡಿನ ಮೇಲೆ ಅರ್ಧಕ್ಕೆ ನಿಂತಿದ್ದ ಚಿತ್ರ ಮುಂದುವರಿಸಿದೆ.

ಮನೆಯಿಂದ ಫೋನು ಬಂದಾಗ ಇನ್ನೂ ಅದೇ ತರಗತಿಯಲ್ಲಿದ್ದೆ. ಓಡುತ್ತ ಹೋದೆ. ಪಡಸಾಲೆಯಲ್ಲಿ ಉಂಡ ತಾಟುಗಳು ಹಾಗೆಯೇ ಇದ್ದವು, ಎಲ್ಲವೂ ಖಾಲಿ, ಯಾರೂ ಅರ್ಧ ಬಿಟ್ಟಿರಲಿಲ್ಲ. ಕೊನೆಯಲ್ಲಿ ಉಂಡ ಬ್ಯಾಂಕಿನವರೊಬ್ಬರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ನನಗ ಮಜ್ಜಿಗಿ ಹಾಕ್ಕೋರಿ ಅಂತ ಕೈಮಾಡಿ ತೋರ್ಸಿದ್ರು ರೀ. ಆಮ್ಯಾಲ ಕಣ್ಣ ಮುಚ್ಚಿದ್ರು. ನಿದ್ದಿ ಹತ್ತೇತಿ ಅಂತ ನಾನೂ ಸಪ್ಪಳ ಮಾಡದ ಉಂಡೆ ರೀ" ಎಂದರು. ಗಟ್ಟಿಯಾಗಿ ಅಳಲು ನಾಚಿಕೆಪಡುವ ವಯಸ್ಸಿನ ಮನುಷ್ಯ. ಆಯಿ ಗೋಡೆಗೊರಗಿ ಕುಳಿತೇ ಇದ್ದಳು. ಮಶೀನಿನ ಗುಂಡಿ ಬಂದ್ ಆಗಿತ್ತು.

ಆಮೇಲೆ ನನಗೆ ನಿಪ್ಪಾಣಿಗೆ ವರ್ಗವಾಯಿತು. ಇದೇ ತಿಂಗಳು ತರಬೇತಿಗೆಂದು ಅಥಣಿಗೆ ಹೋಗಿದ್ದೆ. ಹೋಗಬಾರದು ಎಂದುಕೊಂಡೇ ಆ ಓಣಿಗೆ ಹೊರಳಿದೆ. ಖಾನಾವಳಿ ನಡೆಯುತ್ತಿದೆ. ವೈನಿ ದಪ್ಪಗಾಗಿದ್ದಾಳೆ, ರೊಟ್ಟಿಯ ರುಚಿ ಹಾಗೆಯೇ ಇದೆ. ಮಂಚವಿದ್ದ ಮೂಲೆಯಲ್ಲಿ ಈಗ ಒಂದು ಟೇಬಲ್ಲು. ಬೇರೆ ಜಾಗ ಖಾಲಿಯಿಲ್ಲದೆ ಅಲ್ಲಿಯೇ ಕುಳಿತೆ. ಆಯಿಯ ಮಾತನ್ನು ನಾನಾಗಿ ತೆಗೆಯಲಿಲ್ಲ. ವೈನಿಯೇ ಎರಡನೆಯ ರೊಟ್ಟಿ ಹಾಕಲು ಬಂದವಳು ಹೋಗದೆ ನಿಂತಳು.

"ಒಂದ ಮಾತ ಯಾರ ಮುಂದೂ ಹೇಳಿಲ್ರಿ ಅಕ್ಕೋರ" ಎಂದಳು. "ಆವತ್ತ ಶೇಂಗಾ ಚಟ್ನಿ ತೀರಿತ್ತು. ಕರೆಂಟ್ ಬಂದಕೂಡ್ಲೇ ನಾ ಮಿಕ್ಸರ್ ಹಚ್ಚಿದ್ನಿರಿ. ಅತ್ತೀ ಅಂತ ಕೂಗಬೇಕಿತ್ತು, ಆ ಸಪ್ಪಳದಾಗ ಕೂಗ್ಲಿಲ್ಲ. ಕರೆಂಟ್ ಬಂತಂತ ನನಗ ಭಾಳ ಖುಷಿ ಆಗಿತ್ರಿ…"

ನನಗೂ ಆಗಿತ್ತು ವೈನಿ, ಎಂದು ಹೇಳಬೇಕೆನಿಸಿತು. ಎದ್ದು ಅವಳ ಕೈ ಹಿಡಿಯಬೇಕೆಂದು ಕುರ್ಚಿ ಹಿಂದೆ ಸರಿಸಿದೆ. ಅವಳು ಗಾಬರಿಯಾಗಿ ನನ್ನ ಭುಜ ಒತ್ತಿ ಕೂಡಿಸಿದಳು.

"ಏಳಬ್ಯಾಡ್ರಿ ಅಕ್ಕೋರ, ಏಳಬ್ಯಾಡ್ರಿ. ಮೊದಲ ಉಣ್ಣ್ರಿ."

ಕುಳಿತೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತ ನಿಂತಿದ್ದಳು. ನಾನು ರೊಟ್ಟಿ ಮುರಿಯುತ್ತ ಹೋದೆ, ತಾಟಿನಲ್ಲಿದ್ದುದನ್ನೆಲ್ಲ ಉಂಡೆ.